ವಿಡಿಯೊದಲ್ಲಿ ಹೇಳಿದ ಇಂಜೆಕ್ಷನ್ ನಮ್ಮೂರ ಅಂಗಡಿಯಲ್ಲಿ ಯಾವ ಹೆಸರಲ್ಲಿದೆ?

ಅಮೆರಿಕದ ಹೈನುಗಾರರ ವಿಡಿಯೊ ನೋಡೋ ಅಭ್ಯಾಸ ಇದ್ದವರಿಗೆ ‘ಎಲ್‌ಎ-200’ ಅನ್ನೋ ಹೆಸರು ಕಿವಿಗೆ ಬಿದ್ದೇ ಇರುತ್ತೆ. ಗೊರಸಿನ ಸಂದು ಕೊಳೆತು ಹಸು ಕುಂಟುತ್ತಿದೆ. ರೈತ ಬಾಟಲಿ ತೆಗೆದು, ಸಿರಿಂಜಿಗೆ ಎಳೆದು, ಕುತ್ತಿಗೆಗೆ ಚುಚ್ಚುತ್ತಾನೆ. ಮುಂದಿನ ದೃಶ್ಯದಲ್ಲಿ ಹಸು ಸರಾಗವಾಗಿ ನಡೀತಿರುತ್ತೆ. ಅದರ ಸ್ಕ್ರೀನ್‌ಶಾಟ್ ಹಿಡ್ಕೊಂಡು ಚನ್ನರಾಯಪಟ್ಟಣದ್ದೋ ಗೋಕಾಕದ್ದೋ ಔಷಧಿ ಅಂಗಡಿಗೆ ಹೋದರೆ ಸಿಗೋ ಉತ್ತರ ಒಂದೇ: “ಈ ಹೆಸರಿಂದು ಬರಲ್ಲ ಸರ್, ಇದೇ ಥರದ್ದು ಇನ್ನೊಂದಿದೆ, ಕೊಡ್ಲಾ?”

ಈ ‘ಇದೇ ಥರದ್ದು’ ಅನ್ನೋ ಮಾತಿನಲ್ಲೇ ಅಪಾಯ ಇರೋದು. ಅದೇ ಔಷಧಿ ಬೇರೆ ಹೆಸರಲ್ಲಿ ಇರಬಹುದು. ಅದೇ ಔಷಧಿ, ನಾಲ್ಕರಲ್ಲಿ ಒಂದು ಪಾಲು ಶಕ್ತಿಯದ್ದೂ ಇರಬಹುದು. ಹೆಸರು ಹತ್ತಿರ ಇದ್ದು, ಒಳಗೆ ಇರೋದು ಪೂರ್ತಿ ಬೇರೆಯೇ ಆಗಿರಬಹುದು. ಹಸು ವಾಸಿಯಾಗುತ್ತೋ ಇಲ್ಲವೋ, ಸಂಘಕ್ಕೆ ಹಾಕಿದ ಹಾಲು ಟೆಸ್ಟ್‌ನಲ್ಲಿ ವಾಪಸ್ ಬರುತ್ತೋ ಇಲ್ಲವೋ ಅನ್ನೋದು ಇದರ ಮೇಲೆ ನಿಂತಿದೆ. ಒಂದು ಮಾತು ಮೊದಲೇ ಹೇಳಿಬಿಡ್ತೀವಿ. ಆಂಟಿಬಯೋಟಿಕ್ ಯಾವುದು ಬೇಕು, ಎಷ್ಟು ಬೇಕು, ಅಸಲಿಗೆ ಬೇಕಾ ಅಂತ ನಿರ್ಧರಿಸೋದು ಪಶುವೈದ್ಯರು. ಆದರೆ ನಿಮ್ಮ ಕೈಯಲ್ಲಿರೋ ಬಾಟಲಿಯೊಳಗೆ ಏನಿದೆ ಅಂತ ಓದಿ ತಿಳ್ಕೊಳ್ಳೋದು ನಿಮ್ಮ ಕೈಯಲ್ಲೇ ಆಗೋ ಕೆಲಸ. ಈ ವಾರ ಅದನ್ನೇ ನೋಡೋಣ.

ಟೆಕ್ನಿಕಲ್ ಏನು ಅಂತ ಕೇಳಿ

ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಅಂದ್ರೆ ಯೂರಿಯಾನೇ. ಚೀಲದ ಮೇಲೆ ಯಾವ ಕಂಪನಿ ಚಿತ್ರ ಇದ್ದರೂ ಒಳಗಿರೋದು 46% ಸಾರಜನಕ. ಕೀಟನಾಶಕ ತಗೊಳ್ಳುವಾಗಲೂ ತಿಳಿದವರು “ಟೆಕ್ನಿಕಲ್ ಏನು?” ಅಂತ ಕೇಳ್ತಾರೆ. ಕಾನ್ಫಿಡಾರ್ ಅನ್ನೋದು ಕಂಪನಿ ಇಟ್ಟ ಹೆಸರು, ಇಮಿಡಾಕ್ಲೋಪ್ರಿಡ್ ಅನ್ನೋದು ಟೆಕ್ನಿಕಲ್. ದನದ ಔಷಧಿಗೂ ಇದೇ ಲೆಕ್ಕ. ಇಲ್ಲಿ ಟೆಕ್ನಿಕಲ್ ಅನ್ನೋ ಬದಲು ಜೆನೆರಿಕ್ ಹೆಸರು ಅಂತಾರೆ, ಅಷ್ಟೇ.

ಎಲ್‌ಎ-200ರ ಟೆಕ್ನಿಕಲ್ ‘ಆಕ್ಸಿಟೆಟ್ರಾಸೈಕ್ಲಿನ್’. ಎಲ್‌ಎ ಅಂದ್ರೆ ಲಾಂಗ್ ಆ್ಯಕ್ಟಿಂಗ್, ಒಂದು ಸಲ ಚುಚ್ಚಿದರೆ ಕೆಲವು ದಿನ ಮೈಯಲ್ಲಿ ಉಳಿಯೋ ಥರ ತಯಾರಿಸಿದ್ದು. 200 ಅಂದ್ರೆ ಪ್ರತಿ ಎಂ.ಎಲ್.ನಲ್ಲಿ 200 ಮಿಲಿಗ್ರಾಂ. ಇದೇ ಔಷಧಿಯನ್ನು ಫೈಜರ್ ಕಂಪನಿ 1950ರಲ್ಲಿ ಟೆರ್ರಾಮೈಸಿನ್ ಅನ್ನೋ ಹೆಸರಲ್ಲಿ ಮಾರುಕಟ್ಟೆಗೆ ತಂದಿತ್ತು. ಮಣ್ಣಲ್ಲಿರೋ ಒಂದು ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು, ‘ಟೆರ್ರಾ’ ಅಂದ್ರೆ ಲ್ಯಾಟಿನ್‌ನಲ್ಲಿ ಮಣ್ಣು. ಈಗ ನಮ್ಮ ದೇಶದಲ್ಲಿ ಹತ್ತಾರು ಕಂಪನಿಗಳು ಆಕ್ಸಿಟೆಟ್ರಾಸೈಕ್ಲಿನ್ ಮಾಡ್ತವೆ. ಒಂದೊಂದಕ್ಕೂ ಒಂದೊಂದು ಬ್ರ್ಯಾಂಡ್ ಹೆಸರು. ನಿಮ್ಮ ಅಂಗಡಿಯವರು ‘ಎಲ್‌ಎ-200 ಬರಲ್ಲ’ ಅಂದದ್ದು ಸುಳ್ಳಲ್ಲ. ‘ಆಕ್ಸಿಟೆಟ್ರಾಸೈಕ್ಲಿನ್ ಲಾಂಗ್ ಆ್ಯಕ್ಟಿಂಗ್ 200 ಮಿಲಿಗ್ರಾಂ ಇದೆಯಾ’ ಅಂತ ಕೇಳಿದ್ದರೆ ಉತ್ತರ ಬೇರೆ ಇರ್ತಿತ್ತು.

ಪ್ರಪಂಚದ ಎಲ್ಲ ಕಡೆ ಒಂದೇ ಜೆನೆರಿಕ್ ಹೆಸರು ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಂದು ವ್ಯವಸ್ಥೆ ಮಾಡಿದೆ. ಅದರ ಮೊದಲ ಪಟ್ಟಿ ಬಂದದ್ದು 1953ರಲ್ಲಿ. ಐಎನ್‌ಎನ್ ಅಂತ ಮೂರಕ್ಷರದಲ್ಲಿ ಅದನ್ನು ಕರೀತಾರೆ. ಹಾಗಾಗಿ ಸ್ಪೇನ್‌ನ ಬಾಟಲಿಯಲ್ಲಿ ‘ಒಕ್ಸಿತೆತ್ರಾಸಿಕ್ಲಿನಾ’ ಅಂತಿದ್ದರೂ, ಟರ್ಕಿಯದ್ದರಲ್ಲಿ ‘ಒಕ್ಸಿತೆತ್ರಾಸಿಕ್ಲಿನ್’ ಅಂತಿದ್ದರೂ ಬಾಯಲ್ಲಿ ಹೇಳಿ ನೋಡಿದರೆ ಸಾಕು, ಅದೇ ಅಂತ ಗೊತ್ತಾಗಿಬಿಡುತ್ತೆ. ದಕ್ಷಿಣ ಕನ್ನಡ, ಉಡುಪಿ ಕಡೆ ಮನೆಯಲ್ಲೊಬ್ಬರು ಗಲ್ಫ್‌ನಲ್ಲಿ ಇರೋದು ಸಾಮಾನ್ಯ. ಅವರು ತಂದ ಔಷಧಿ ಡಬ್ಬಿಯಲ್ಲಿ ಅರಬ್ಬಿ ಇದ್ದರೆ ಮೊಬೈಲಿನ ಅನುವಾದದ ಕ್ಯಾಮೆರಾ ಹಿಡಿಯಿರಿ. ಬಹಳ ಸಲ ಇನ್ನೊಂದು ಬದಿಯಲ್ಲಿ ಇಂಗ್ಲಿಷ್‌ನಲ್ಲೂ ಜೆನೆರಿಕ್ ಹೆಸರು ಇರುತ್ತೆ.

ಬಾಟಲಿ ಓದೋದು ಹೇಗೆ

ನಮ್ಮ ದೇಶದ ಲೇಬಲ್‌ನಲ್ಲಿ ಜೆನೆರಿಕ್ ಹೆಸರು ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇರಬೇಕು ಅನ್ನೋ ನಿಯಮ 2018ರಲ್ಲಿ ಬಂತು. ಆದರೂ ಕಣ್ಣು ಮೊದಲು ಹೋಗೋದು ಬಣ್ಣಬಣ್ಣದ ಬ್ರ್ಯಾಂಡ್ ಹೆಸರಿನ ಮೇಲೇ. ಅದನ್ನು ಬಿಟ್ಟು ‘ಪ್ರತಿ ಎಂ.ಎಲ್.ನಲ್ಲಿ ಇರುವುದು’ ಅಂತ ಇಂಗ್ಲಿಷ್‌ನಲ್ಲಿ ಸಣ್ಣ ಅಕ್ಷರದಲ್ಲಿ ಶುರುವಾಗೋ ಸಾಲು ಹುಡುಕಿ. ಬಾಟಲಿಯ ನಿಜವಾದ ಜಾತಕ ಅದೇ. ಅದರಲ್ಲಿ ಮೂರು ವಿಷಯ ಇರುತ್ತೆ: ಔಷಧಿ ಹೆಸರು, ಅದರ ಲವಣ, ಪ್ರಮಾಣ. ಹೈಡ್ರೋಕ್ಲೋರೈಡ್, ಸೋಡಿಯಂ, ಪ್ರೊಕೇನ್, ಬೆಂಜಥೀನ್ ಇಂಥವೆಲ್ಲ ಲವಣದ ಹೆಸರುಗಳು. ಲವಣ ಅಂದ್ರೆ ಸುಮ್ಮನೆ ಬಾಲ ಅಂದ್ಕೋಬೇಡಿ, ಅದರ ಕಥೆ ಮುಂದೆ ಬರುತ್ತೆ.

ದನದ ಔಷಧಿ ಆಗಿದ್ದರೆ ಲೇಬಲ್ ಮೇಲೆ ಸಾಕುಪ್ರಾಣಿಯ ತಲೆಯ ಚಿತ್ರ ಇರಬೇಕು, ‘ಮನುಷ್ಯರಿಗಲ್ಲ, ಪ್ರಾಣಿ ಚಿಕಿತ್ಸೆಗೆ ಮಾತ್ರ’ ಅಂತ ಬರೆದಿರಬೇಕು. ಹಾಲು, ಮೊಟ್ಟೆ, ಮಾಂಸ ಕೊಡೋ ಪ್ರಾಣಿಗಳ ಔಷಧಿಯಲ್ಲಿ ಎಷ್ಟು ದಿನ ಹಾಲು ಬಳಸಬಾರದು ಅನ್ನೋ ಅವಧಿಯನ್ನೂ ಹಾಕಿರಬೇಕು. ಇದು ಕಾನೂನು.

ಒಂದೇ ಔಷಧಿಗೆ ಎರಡು ಜೆನೆರಿಕ್ ಹೆಸರು

ಬ್ರ್ಯಾಂಡ್ ಹೆಸರು ಹೋಗಲಿ, ಜೆನೆರಿಕ್ ಹೆಸರಾದರೂ ಒಂದೇ ಇರಬೇಕಲ್ಲ ಅಂತೀರಾ? ಇರಬೇಕು, ಆದರೆ ಇಲ್ಲ. ಅಮೆರಿಕದವರು ಕೆಲವು ಔಷಧಿಗಳಿಗೆ ತಮ್ಮದೇ ಹೆಸರು ಇಟ್ಕೊಂಡಿದ್ದಾರೆ. ಬ್ರಿಟನ್ನಿಗೂ ಮೊದಲು ತನ್ನದೇ ಪಟ್ಟಿ ಇತ್ತು, ಅದರ ಹಳೆ ಕಾಗುಣಿತ ನಮ್ಮಲ್ಲಿ ಇನ್ನೂ ಓಡಾಡ್ತಿದೆ.

ಕರುಗಳ ಬೇಧಿಗೆ, ನ್ಯುಮೋನಿಯಾಗೆ ಕೊಡೋ ‘ಸಲ್ಫಾಡಿಮಿಡಿನ್’ ಇದೆಯಲ್ಲ, ಅಮೆರಿಕದ ಲೇಬಲ್‌ನಲ್ಲಿ ಅದನ್ನು ‘ಸಲ್ಫಾಮೆಥಜೀನ್’ ಅಂತ ಬರೀತಾರೆ. ಎರಡೂ ಒಂದೇ ವಸ್ತು. ಆದರೆ ‘ಸಲ್ಫಾಮೆಥಾಕ್ಸಜೋಲ್’ ಅನ್ನೋದು ಬೇರೆ. ಕಿವಿಗೆ ಹತ್ತಿರ, ಔಷಧಿ ಬೇರೆ. ಈ ಸಲ್ಫಾಮೆಥಾಕ್ಸಜೋಲ್ ಜೊತೆ ಟ್ರೈಮೆಥೊಪ್ರಿಮ್ ಸೇರಿದರೆ ಬ್ರಿಟಿಷರ ಹೆಸರು ‘ಕೋ-ಟ್ರೈಮಾಕ್ಸಜೋಲ್’. ಮನುಷ್ಯರ ಔಷಧಿಯಲ್ಲಿ ಅದೇ ಅಮೆರಿಕದಲ್ಲಿ ಬ್ಯಾಕ್ಟ್ರಿಮ್, ಸೆಪ್ಟ್ರಾ. ಬ್ರಿಟನ್‌ನಲ್ಲಿ ಸೆಪ್ಟ್ರಿನ್. ನಮ್ಮಲ್ಲಿ ಸೆಪ್ಟ್ರಾನ್. ಒಂದಕ್ಷರ ಆಚೀಚೆ ಮಾಡಿ ಮೂರು ದೇಶಕ್ಕೆ ಮೂರು ಹೆಸರು!

ಪೆನಿಸಿಲಿನ್ ಜಿ ಅಂದರೂ ಬೆಂಜೈಲ್‌ಪೆನಿಸಿಲಿನ್ ಅಂದರೂ ಒಂದೇ. ರಿಫಾಂಪಿಸಿನ್ ಅಮೆರಿಕದಲ್ಲಿ ರಿಫಾಂಪಿನ್. ಅಮಾಕ್ಸಿಸಿಲಿನ್ ಬರೆಯುವಾಗ ಇಂಗ್ಲಿಷ್‌ನಲ್ಲಿ ನಡುವೆ ‘ಐ’ ಅಕ್ಷರ ಹಾಕೋದು ಈಗಿನ ಪದ್ಧತಿ, ನಮ್ಮ ಎಷ್ಟೋ ಲೇಬಲ್‌ಗಳಲ್ಲಿ ಹಳೆಯ ‘ವೈ’ ಇದೆ. ಸೆಫಲೆಕ್ಸಿನ್ ಥರದ ಔಷಧಿಗಳಲ್ಲಿ ಕೆಲವರು ‘ಎಫ್’ ಹಾಕ್ತಾರೆ, ಕೆಲವರು ‘ಪಿಎಚ್’. ಮೊಬೈಲಲ್ಲಿ ಹುಡುಕುವಾಗ ಒಂದು ಕಾಗುಣಿತಕ್ಕೆ ಏನೂ ಬರದಿದ್ದರೆ ಇನ್ನೊಂದನ್ನು ಹಾಕಿ ನೋಡಿ.

ಹೆಸರಿನ ತಲೆ-ಬಾಲ ನೋಡಿ ಕುಟುಂಬ ಹೇಳಬಹುದು. ‘ಸಿಲಿನ್’ ಅಂತ ಮುಗಿದರೆ ಪೆನಿಸಿಲಿನ್ ಕುಟುಂಬ. ‘ಸೆಫ್’ ಅಂತ ಶುರುವಾದರೆ ಸೆಫಲೋಸ್ಪೋರಿನ್: ಸೆಫ್ಟ್ರಿಯಾಕ್ಸೋನ್, ಸೆಫ್ಟಿಯೋಫರ್ ಎಲ್ಲ ಅಲ್ಲಿಯವೇ. ‘ಫ್ಲಾಕ್ಸಸಿನ್’ ಅಂತಿದ್ದರೆ ಎನ್‌ರೋಫ್ಲಾಕ್ಸಸಿನ್ ಕುಟುಂಬ. ‘ಸೈಕ್ಲಿನ್’ ಅಂದರೆ ಟೆಟ್ರಾಸೈಕ್ಲಿನ್. ‘ಮೈಸಿನ್’ ಒಂದನ್ನು ಮಾತ್ರ ನಂಬಬೇಡಿ. ಆ ಬಾಲ ಯಾವ ಸೂಕ್ಷ್ಮಜೀವಿಯಿಂದ ಸಿಕ್ಕಿದ್ದು ಅಂತ ಹೇಳುತ್ತೆ, ಔಷಧಿ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಲ್ಲ. ಸ್ಟ್ರೆಪ್ಟೊಮೈಸಿನ್, ಎರಿತ್ರೊಮೈಸಿನ್, ಲಿಂಕೊಮೈಸಿನ್ ಮೂರೂ ಬೇರೆ ಬೇರೆ ಕುಟುಂಬದವು. ನಮ್ಮ ಪಶುವೈದ್ಯರ ಕೈಯಲ್ಲಿ ಬಹಳ ವರ್ಷದಿಂದ ಇರೋ ಡೈಕ್ರಿಸ್ಟಿಸಿನ್ ಹೆಸರು ಕೇಳಿದರೆ ಪೆನಿಸಿಲಿನ್ ನೆನಪೇ ಬರಲ್ಲ. ಒಳಗಿರೋದು ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್. ಮನೆಯಲ್ಲಿ ಯಾರಿಗಾದರೂ ಪೆನಿಸಿಲಿನ್ ಅಲರ್ಜಿ ಇದ್ದರೆ, ಸಿರಿಂಜ್ ತುಂಬೋ ಮುಂಚೆ ಅವರಿಗೆ ಇದು ಗೊತ್ತಿರಬೇಕು.

‘ಟುಡೇ’ ಮತ್ತು ‘ಟುಮಾರೋ’

ಲವಣದ ಕಥೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಕ್ಕಿಲ್ಲ. ಅಮೆರಿಕದಲ್ಲಿ ಕೆಚ್ಚಲು ಬಾವಿಗೆ ಮೊಲೆತೊಟ್ಟಿನೊಳಗೆ ಬಿಡೋ ಎರಡು ಟ್ಯೂಬ್ ಇವೆ. ಒಂದರ ಹೆಸರು ಟುಡೇ, ಇನ್ನೊಂದು ಟುಮಾರೋ. ಎರಡರಲ್ಲೂ ಇರೋದು ಒಂದೇ ಆಂಟಿಬಯೋಟಿಕ್, ಸೆಫಾಪಿರಿನ್. ಇದನ್ನೂ ಅಮೆರಿಕದವರು ‘ಪಿಎಚ್’ ಹಾಕಿ ಬರೀತಾರೆ, ಬೇರೆಯವರು ‘ಎಫ್’. ಇವೇ ಟ್ಯೂಬ್‌ಗಳು ಸೆಫಾ-ಲ್ಯಾಕ್, ಸೆಫಾ-ಡ್ರೈ ಅನ್ನೋ ಹೆಸರಲ್ಲೂ ಮಾರಾಟ ಆಗಿವೆ.

ಟುಡೇಯಲ್ಲಿರೋದು ಸೆಫಾಪಿರಿನ್ ಸೋಡಿಯಂ. ಬೇಗ ಕರಗಿ ಬೇಗ ಹೊರಗೆ ಹೋಗುತ್ತೆ. ಹಾಲು ಕೊಡ್ತಿರೋ ಹಸುವಿಗೆ ಇದು. ಕೊನೆಯ ಟ್ಯೂಬ್ ಬಿಟ್ಟ ಮೇಲೆ 96 ಗಂಟೆ ಹಾಲು ಬಳಸಬಾರದು ಅಂತ ಅಲ್ಲಿನ ಲೇಬಲ್ ಹೇಳುತ್ತೆ.

ಟುಮಾರೋದಲ್ಲಿರೋದು ಸೆಫಾಪಿರಿನ್ ಬೆಂಜಥೀನ್. ನಿಧಾನವಾಗಿ ಕರಗೋ ಲವಣ. ಹಾಲು ಬತ್ತಿಸುವಾಗ, ಕೊನೆಯ ಸಲ ಕರೆದ ಮೇಲೆ ಬಿಡೋದು. ಕರು ಹಾಕೋಕೆ ಇನ್ನು 30 ದಿನಕ್ಕಿಂತ ಕಡಿಮೆ ಇದ್ದರೆ ಬಿಡೋ ಹಾಗಿಲ್ಲ. ಕರು ಹಾಕಿದ ಮೇಲೂ 72 ಗಂಟೆಯ ಹಾಲು ಮನುಷ್ಯರಿಗೆ ಇಲ್ಲ. ಈಗ ಯೋಚಿಸಿ: ‘ಸೆಫಾಪಿರಿನ್ ಟ್ಯೂಬ್’ ಅಂತ ಅರ್ಧ ಹೆಸರು ನೋಡಿ, ದಿನಕ್ಕೆ 15 ಲೀಟರ್ ಕೊಡ್ತಿರೋ ಹಸುವಿನ ತೊಟ್ಟಿಗೆ ಈ ಎರಡನೆಯದನ್ನು ಬಿಟ್ಟರೆ? ವಾರಗಟ್ಟಲೆ ಕೆಚ್ಚಲಲ್ಲಿ ಉಳಿಯಲಿ ಅಂತಲೇ ಮಾಡಿದ ಔಷಧಿ ಅದು. ಅಷ್ಟು ದಿನದ ಹಾಲೂ ಕೆಟ್ಟ ಹಾಗೆ.

ನಮ್ಮಲ್ಲೂ ಬತ್ತಿಸುವಾಗ ಬಿಡೋ ಟ್ಯೂಬ್ ಬೇರೆ, ಕರೆಯುವಾಗ ಬಿಡೋ ಟ್ಯೂಬ್ ಬೇರೆ. ಅದೇ ಔಷಧಿ ಹೆಸರು ಎರಡರ ಮೇಲೂ ಇರಬಹುದು. ಲವಣದ ಹೆಸರು ಓದಿ, ‘ಡ್ರೈ ಕೌ’ ಅಂತಿದೆಯಾ ನೋಡಿ. ಇಂಜೆಕ್ಷನ್ ಪೆನಿಸಿಲಿನ್‌ಗೂ ಇದೇ ಮಾತು. ಸೋಡಿಯಂ ಲವಣ ಗಂಟೆಗಳ ಲೆಕ್ಕದಲ್ಲಿ ಹೊರಗೆ ಹೋಗುತ್ತೆ, ಪ್ರೊಕೇನ್ ಸುಮಾರು ಒಂದು ದಿನ ಎಳೆಯುತ್ತೆ, ಬೆಂಜಥೀನ್ ದಿನಗಟ್ಟಲೆ ಇರುತ್ತೆ.

ಹೆಸರು ಒಂದೇ, ಬಾಟಲಿ ಬೇರೆ

ಇದಕ್ಕಿಂತ ತಲೆ ತಿನ್ನೋದು ಇದು. ನ್ಯಾಕ್ಸೆಲ್ ಅನ್ನೋ ಬ್ರ್ಯಾಂಡ್ ಅಮೆರಿಕದಲ್ಲೂ ಇದೆ, ಯುರೋಪಿನಲ್ಲೂ ಇದೆ. ಅಮೆರಿಕದ್ದು ಸೆಫ್ಟಿಯೋಫರ್ ಸೋಡಿಯಂ, ಪುಡಿಯನ್ನು ನೀರಲ್ಲಿ ಕಲಸಿ ದಿನಾ ಕೊಡೋದು. ಯುರೋಪಿನ ನ್ಯಾಕ್ಸೆಲ್ ಕೂಡ ಸೆಫ್ಟಿಯೋಫರ್ರೇ, ಆದರೆ ನಿಧಾನವಾಗಿ ಬಿಡುಗಡೆ ಆಗೋ ಎಣ್ಣೆಯಂಥ ರೂಪ. ದನಕ್ಕೆ ಕಿವಿಯ ಬುಡದಲ್ಲಿ ಒಂದೇ ಸಲ ಚುಚ್ಚೋದು. ಅಮೆರಿಕದಲ್ಲಿ ಆ ರೂಪಕ್ಕೆ ಎಕ್ಸೀಡ್ ಅಂತ ಬೇರೆ ಹೆಸರು. ಜರ್ಮನಿಯ ವಿಡಿಯೊ ನೋಡಿ ಅಮೆರಿಕದ ಲೇಬಲ್ ಹುಡುಕಿ ಓದಿದರೆ ‘ಒಂದು ಸಲ ಸಾಕು’ ಅನ್ನೋದೂ ತಪ್ಪಾಗುತ್ತೆ, ಚುಚ್ಚೋ ಜಾಗವೂ ತಪ್ಪಾಗುತ್ತೆ.

ಟೆರ್ರಾಮೈಸಿನ್ ಇಂಜೆಕ್ಷನ್‌ನಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಮಾತ್ರ ಇದ್ದರೆ, ಅಮೆರಿಕದಲ್ಲಿ ಅದೇ ಹೆಸರಿನ ಕಣ್ಣಿನ ಮುಲಾಮಿನಲ್ಲಿ ಪಾಲಿಮಿಕ್ಸಿನ್ ಬಿ ಕೂಡ ಸೇರಿದೆ. ನಮ್ಮ ದೇಶದ ಬ್ರ್ಯಾಂಡ್‌ಗಳಲ್ಲಿ ಹೆಸರಿನ ಹಿಂದೆ ಅಂಟಿಸೋ ಅಕ್ಷರಗಳದ್ದು ಇನ್ನೊಂದು ಗೋಜಲು. ‘ಸಿವಿ’ ಅಂದರೆ ಸಾಮಾನ್ಯವಾಗಿ ಕ್ಲಾವುಲಾನಿಕ್ ಆಸಿಡ್ ಸೇರಿದೆ ಅಂತ. ‘ಟಾಜೊ’ ಅಂದರೆ ಟಾಜೊಬ್ಯಾಕ್ಟಮ್. ಆದರೆ ಮನುಷ್ಯರ ಔಷಧಿಯಲ್ಲಿ ಸಿಪ್ಲಾಕ್ಸ್-ಟಿಜೆಡ್, ನಾರ್‌ಫ್ಲಾಕ್ಸ್-ಟಿಜೆಡ್ ಅಂತ ಇದ್ದರೆ ಅಲ್ಲಿ ಟಿಜೆಡ್ ಅಂದ್ರೆ ಟಿನಿಡಜೋಲ್! ಬಾಲದ ಅಕ್ಷರಕ್ಕೆ ಕಾನೂನಿನ ಅರ್ಥ ಯಾವುದೂ ಇಲ್ಲ. ಕಂಪನಿ ಇಷ್ಟಪಟ್ಟು ಇಟ್ಟದ್ದು. ಒಳಗಿನ ಸಾಲು ಓದದೆ ಬೇರೆ ದಾರಿ ಇಲ್ಲ.

ಹೆಸರು ಹತ್ತಿರ ಇದ್ದು ಪ್ರಾಣಕ್ಕೇ ಬರೋ ಜೋಡಿ ಒಂದಿದೆ. ಟೈಲೋಸಿನ್ ಮತ್ತು ಟಿಲ್ಮಿಕೋಸಿನ್. ಟೈಲೋಸಿನ್ ಹಳೆಯ ಔಷಧಿ, ಹೊರದೇಶದಲ್ಲಿ ಟೈಲಾನ್ ಅನ್ನೋ ಹೆಸರಲ್ಲಿ ಪ್ರಸಿದ್ಧ. ಟಿಲ್ಮಿಕೋಸಿನ್ ಅದೇ ಕುಟುಂಬದ್ದು, ಅದರ ಇಂಜೆಕ್ಷನ್ ಅಮೆರಿಕದಲ್ಲಿ ಮೈಕೋಟಿಲ್. ದನ ಒದ್ದು ಸೂಜಿ ತಮಗೇ ಚುಚ್ಚಿಕೊಂಡು ಟಿಲ್ಮಿಕೋಸಿನ್‌ನಿಂದ ಸತ್ತ ಜನ ಇದ್ದಾರೆ. ಅದು ಹೃದಯವನ್ನು ಹಿಡಿಯುತ್ತೆ. ಈ ಎಚ್ಚರಿಕೆ ಅಲ್ಲಿನ ಲೇಬಲ್ ಮೇಲೇ ಇದೆ. ಹಂದಿಗೆ ಆ ಇಂಜೆಕ್ಷನ್ ಚುಚ್ಚಿದರೆ ಹಂದಿಯೂ ಸಾಯುತ್ತೆ. “ಇದೇ ಥರದ್ದು ಕೊಡ್ಲಾ” ಅಂದಾಗ ನೆನಪಿರಲಿ.

ಎಷ್ಟು ಎಂ.ಎಲ್. ಅನ್ನೋ ಪ್ರಶ್ನೆ

ವಿಡಿಯೊದವನು “20 ಎಂ.ಎಲ್. ಕೊಟ್ಟೆ” ಅಂತಾನೆ. ಅವನ ಬಾಟಲಿ 200 ಮಿಲಿಗ್ರಾಂನದ್ದು, ಒಟ್ಟು 4,000 ಮಿಲಿಗ್ರಾಂ ಹೋಯಿತು. ನಮ್ಮಲ್ಲಿ ಆಕ್ಸಿಟೆಟ್ರಾಸೈಕ್ಲಿನ್ 50 ಮಿಲಿಗ್ರಾಂನದ್ದೂ ಸಿಗುತ್ತೆ. ಅದರ 20 ಎಂ.ಎಲ್. ಅಂದರೆ 1,000 ಮಿಲಿಗ್ರಾಂ, ಅದೂ ಲಾಂಗ್ ಆ್ಯಕ್ಟಿಂಗ್ ಅಲ್ಲ. ರೋಗಾಣು ಸಾಯಲ್ಲ, ಔಷಧಿಗೆ ಒಗ್ಗಿಕೊಳ್ಳೋಕೆ ಅವಕಾಶ ಮಾತ್ರ ಸಿಗುತ್ತೆ. ಉಲ್ಟಾ ಆದರೆ ನಾಲ್ಕು ಪಟ್ಟು ಹೆಚ್ಚು. ಎಲ್‌ಎ-200 ಲೇಬಲ್ ದೊಡ್ಡ ದನಕ್ಕೂ ಒಂದು ಜಾಗದಲ್ಲಿ 10 ಎಂ.ಎಲ್.ಗಿಂತ ಹೆಚ್ಚು ಚುಚ್ಚಬೇಡಿ ಅನ್ನುತ್ತೆ. ಇದೂ ವಿಡಿಯೊದಲ್ಲಿ ಯಾವಾಗಲೂ ಕಾಣಲ್ಲ. ಡಾಕ್ಟರ್ ಹತ್ರ ಮಾತಾಡುವಾಗ “ಎಷ್ಟು ಎಂ.ಎಲ್. ಸರ್?” ಅಂತ ಕೇಳೋ ಬದಲು ಬಾಟಲಿಯ ಪ್ರಮಾಣ ಮೊದಲು ಹೇಳಿ, ಆಮೇಲೆ ಎಂ.ಎಲ್. ಕೇಳಿ.

ದಾಳಿಂಬೆ ಬೆಳೆಯೋರಿಗೂ ಈ ಲೆಕ್ಕ ಹೊಸದಲ್ಲ. ದುಂಡಾಣು ಅಂಗಮಾರಿಗೆ ಹೊಡೀತಿದ್ದ ಸ್ಟ್ರೆಪ್ಟೊಸೈಕ್ಲಿನ್‌ನಲ್ಲಿ ಸ್ಟ್ರೆಪ್ಟೊಮೈಸಿನ್ ಸಲ್ಫೇಟ್ 90%, ಟೆಟ್ರಾಸೈಕ್ಲಿನ್ ಹೈಡ್ರೋಕ್ಲೋರೈಡ್ 10%. ಅದೇ ಜೋಡಿ 9% ಮತ್ತು 1% ಇರೋ ಪುಡಿಯೂ ನಮ್ಮಲ್ಲಿ ಇದೆ. ಅಂದರೆ ಹತ್ತು ಪಟ್ಟು ತೆಳು. ಅಮೆರಿಕದ ಸೇಬಿನ ತೋಟಗಳ ಅಗ್ರಿ-ಮೈಸಿನ್ 17ರಲ್ಲಿ ಸ್ಟ್ರೆಪ್ಟೊಮೈಸಿನ್ 17%, ಟೆಟ್ರಾಸೈಕ್ಲಿನ್ ಇಲ್ಲ. ‘ಲೀಟರಿಗೆ ಅರ್ಧ ಗ್ರಾಂ’ ಅನ್ನೋ ಮಾತು ಯಾವ ಪುಡಿಗೆ ಅಂತ ಗೊತ್ತಿಲ್ಲದಿದ್ದರೆ ಅರ್ಥವೇ ಇಲ್ಲ. ಬೆಳೆಗೆ ಈ ಆಂಟಿಬಯೋಟಿಕ್ ಬಳಕೆಯನ್ನು ನಿಲ್ಲಿಸಲು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತ್ತು. ಹಳೆ ಸ್ಪ್ರೇ ಪಟ್ಟಿ ಹಿಡ್ಕೊಂಡು ಅಂಗಡಿಗೆ ಹೋಗೋ ಮುಂಚೆ ನಿಮ್ಮ ಕೃಷಿ ವಿಜ್ಞಾನ ಕೇಂದ್ರದಲ್ಲಿ ಈಗಿನ ಶಿಫಾರಸು ಕೇಳಿ.

ಹಾಲಿನ ದಿನ ಎಣಿಸೋದು

ಎಲ್‌ಎ-200 ಕೊಟ್ಟರೆ 96 ಗಂಟೆ ಹಾಲು ಬಿಡಿ ಅಂತ ಅಮೆರಿಕದ ಲೇಬಲ್. ಮಾಂಸಕ್ಕೆ 28 ದಿನ. ಆ 96 ಗಂಟೆ ಅವರು ಪರೀಕ್ಷೆ ಮಾಡಿದ ಆ ಬಾಟಲಿಗೆ ಮಾತ್ರ. ನಿಮ್ಮ ಬಾಟಲಿ ಬೇರೆ ಕಂಪನಿದು, ಲಾಂಗ್ ಆ್ಯಕ್ಟಿಂಗ್ ಮಾಡೋಕೆ ಹಾಕಿದ ದ್ರಾವಕ ಬೇರೆ ಇರಬಹುದು. ಹಾಗಾಗಿ ನಿಮ್ಮ ಬಾಟಲಿಯ ಲೇಬಲ್ ಏನು ಹೇಳುತ್ತೋ ಅದನ್ನೇ ಎಣಿಸಿ. ಕಂಪನಿ ಪರೀಕ್ಷೆ ಮಾಡಿ ಅವಧಿ ನಿಗದಿ ಮಾಡಿರದಿದ್ದರೆ ಹಾಲು, ಮೊಟ್ಟೆಗೆ 7 ದಿನಕ್ಕಿಂತ ಕಡಿಮೆ ಇರಬಾರದು, ಕೋಳಿ ಮತ್ತು ದನ-ಕುರಿ ಮಾಂಸಕ್ಕೆ 28 ದಿನ ಅನ್ನೋದು ನಮ್ಮ ಔಷಧ ನಿಯಮ.

ಒಂದು ಹಸುವಿನ ಹಾಲು ಸಂಘದ ಕ್ಯಾನಿನಲ್ಲಿ ಬೆರೆತರೆ ಏನು ಮಹಾ ಅಂತೀರಾ? ಆಕ್ಸಿಟೆಟ್ರಾಸೈಕ್ಲಿನ್‌ಗೆ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಲೀಟರ್ ಹಾಲಿಗೆ 100 ಮೈಕ್ರೋಗ್ರಾಂ. ಲೆಕ್ಕ ಹಾಕಿ: ಒಂದೇ ಒಂದು ಗ್ರಾಂ ಔಷಧಿ 10,000 ಲೀಟರ್ ಹಾಲನ್ನು ಆ ಮಿತಿಗೆ ತಂದು ನಿಲ್ಲಿಸುತ್ತೆ. ಊರಿನ ಶೀತಲೀಕರಣ ಟ್ಯಾಂಕ್ ಎಷ್ಟು ಲೀಟರಿನದ್ದು ಅಂತ ಒಮ್ಮೆ ನೆನೆಸ್ಕೊಳ್ಳಿ. ಇಂಜೆಕ್ಷನ್ ಕೊಟ್ಟ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕೂರಲ್ಲ ಅಂತ ನಿಮ್ಮ ಅಮ್ಮನೋ ಅಜ್ಜಿಯೋ ಹೇಳಿರ್ತಾರೆ. ಹೆಪ್ಪಿನ ಬ್ಯಾಕ್ಟೀರಿಯಾವೂ ಆಂಟಿಬಯೋಟಿಕ್‌ಗೆ ಸಾಯೋದರಿಂದ ಹಾಗಾಗೋದು. ಆದರೆ ಮೊಸರು ಕೂತಿತು ಅಂತ ಹಾಲು ಶುದ್ಧ ಅಂದ್ಕೋಬೇಡಿ.

ಇನ್ನು ಕೆಲವು ಹೆಸರುಗಳನ್ನು ಕಂಡರೆ ಬಾಟಲಿ ಕೆಳಗಿಡಿ. ಆಹಾರ ಕೊಡೋ ಪ್ರಾಣಿಗಳಿಗೆ ಕೊಲಿಸ್ಟಿನ್ ಅನ್ನು ನಮ್ಮ ಸರ್ಕಾರ 2019ರಲ್ಲಿ ನಿಷೇಧಿಸಿತು. ಕೊಲಿಸ್ಟಿನ್‌ಗೆ ಪಾಲಿಮಿಕ್ಸಿನ್ ಇ ಅಂತಲೂ ಹೆಸರಿದೆ, ಆ ಹೆಸರಲ್ಲಿ ಬಂದರೂ ಅದೇ. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್ ಗುಂಪಿಗೆ 2025ರಲ್ಲಿ ನಿಷೇಧ ಬಂತು. ಫ್ಯುರಾಜೊಲಿಡೋನ್, ಫ್ಯುರಾಲ್ಟಡೋನ್, ನೈಟ್ರೋಫ್ಯುರಾಜೋನ್, ಹೀಗೆ ನಡುವೆ ‘ಫ್ಯುರ’ ಬಂದರೆ ಅನುಮಾನ ಪಡಿ. ಎನ್‌ರೋಫ್ಲಾಕ್ಸಸಿನ್ ಅನ್ನು (ಹೊರದೇಶದಲ್ಲಿ ಬೇಟ್ರಿಲ್) ಅಮೆರಿಕ 2005ರಲ್ಲಿ ಕೋಳಿಗೆ ಕೊಡೋದನ್ನು ನಿಲ್ಲಿಸಿತು. ಅಲ್ಲಿ ಎಲ್‌ಎ-200 ಥರದ ಔಷಧಿಗೂ 2023ರ ಜೂನ್ 11ರಿಂದ ಪಶುವೈದ್ಯರ ಚೀಟಿ ಬೇಕು. ರೈತ ಅಂಗಡಿಗೆ ನುಗ್ಗಿ ಕಪಾಟಿನಿಂದ ತೆಗೆದುಕೊಳ್ಳೋ ವಿಡಿಯೊ ಕಂಡರೆ ಅದು ಹಳೆಯದು ಅಂತ ತಿಳ್ಕೊಳ್ಳಿ.

ಮೊಬೈಲಲ್ಲಿ ಹುಡುಕೋದು

ವಿಡಿಯೊ ನಿಲ್ಲಿಸಿ, ಬಾಟಲಿ ಸ್ಪಷ್ಟವಾಗಿ ಕಾಣೋ ಕಡೆ ಸ್ಕ್ರೀನ್‌ಶಾಟ್ ತೆಗೀರಿ. ಗೂಗಲ್ ಲೆನ್ಸ್ ಅಕ್ಷರ ಓದಿಕೊಡುತ್ತೆ. ಬ್ರ್ಯಾಂಡ್ ಹೆಸರಿನ ಜೊತೆ ದೇಶದ ಹೆಸರನ್ನೂ ಹಾಕಿ ಹುಡುಕಿ. ನ್ಯಾಕ್ಸೆಲ್ ಕಥೆ ನೋಡಿದಿರಲ್ಲ, ದೇಶ ಗೊತ್ತಿಲ್ಲದೆ ಬ್ರ್ಯಾಂಡ್ ಹುಡುಕೋದು ದಂಡ. ಅಮೆರಿಕದ್ದಾದರೆ ಅಲ್ಲಿನ ಸರ್ಕಾರಿ ಗ್ರಂಥಾಲಯ ನಡೆಸೋ ‘ಡೈಲಿಮೆಡ್’ ತಾಣದಲ್ಲಿ ದನದ ಔಷಧಿಗಳ ಪೂರ್ತಿ ಲೇಬಲ್ ಸಿಗುತ್ತೆ. ಬ್ರಿಟನ್ನಿನ ಪಶು ಔಷಧ ಇಲಾಖೆಗೂ, ಯುರೋಪಿಗೂ ಹೀಗೇ ಸರ್ಕಾರಿ ಪಟ್ಟಿಗಳಿವೆ. ಮಾರೋ ಅಂಗಡಿಗಳ ತಾಣಕ್ಕಿಂತ ಇವನ್ನು ನಂಬಿ. ಯುರೋಪಿನ ದಾಖಲೆಯಲ್ಲಿ ‘ಕ್ಯು’ ಅಕ್ಷರದಿಂದ ಶುರುವಾಗೋ ಒಂದು ಕೋಡ್ ಕಂಡರೆ ಅದನ್ನು ಬರ್ಕೊಳ್ಳಿ. ಆಕ್ಸಿಟೆಟ್ರಾಸೈಕ್ಲಿನ್‌ಗೆ ಅದು ಕ್ಯುಜೆ01ಎಎ06. ಭಾಷೆ ಯಾವುದಿದ್ದರೂ ಆ ಕೋಡ್ ಬದಲಾಗಲ್ಲ.

ನಮ್ಮ ದೇಶದಲ್ಲಿ ಮನುಷ್ಯರ 300 ಪ್ರಮುಖ ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯುಆರ್ ಕೋಡ್ ಕಡ್ಡಾಯ, ಸ್ಕ್ಯಾನ್ ಮಾಡಿದರೆ ಜೆನೆರಿಕ್ ಹೆಸರು ಬರುತ್ತೆ. ದನದ ಬಾಟಲಿಗೆ ಸದ್ಯಕ್ಕೆ ಕಣ್ಣೇ ಗತಿ. ಜೆನೆರಿಕ್ ಹೆಸರು ಕಲಿತರೆ ಜೇಬಿಗೂ ಲಾಭ ಇದೆ. ಜನೌಷಧಿ ಥರವೇ ದನಗಳಿಗೂ ಕಡಿಮೆ ಬೆಲೆಯ ಜೆನೆರಿಕ್ ಔಷಧಿ ಮಾರೋ ‘ಪಶು ಔಷಧಿ’ ಯೋಜನೆಗೆ ಕೇಂದ್ರ ಸಂಪುಟ 2025ರ ಮಾರ್ಚ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಅಂಥ ಕಡೆ ಬ್ರ್ಯಾಂಡ್ ಹೆಸರು ಹೇಳಿದರೆ ಕೆಲಸ ಆಗಲ್ಲ.

ಯಾರೇ ಬಂದು ಇಂಜೆಕ್ಷನ್ ಕೊಟ್ಟು ಹೋದರೂ ಖಾಲಿ ಬಾಟಲಿ ಎಸೆಯೋ ಮುಂಚೆ ಲೇಬಲ್‌ನ ನಾಲ್ಕೂ ಸುತ್ತಿನ ಫೋಟೊ ತೆಗೆದಿಡಿ. ಹಸುವಿನ ಕಿವಿಯೋಲೆಯ 12 ಅಂಕಿ ನಂಬರ್ ಒಂದು ಫೋಟೊ. ಮೂರು ದಿನ ಬಿಟ್ಟು ಬೇರೆ ಡಾಕ್ಟರ್ ಬಂದಾಗ “ಮೊನ್ನೆ ಏನು ಕೊಟ್ಟಿದ್ರು?” ಅಂತ ಕೇಳಿದರೆ “ಅದೇ ಸರ್, ಹಳದಿ ಬಣ್ಣದ್ದು” ಅಂತ ತಲೆ ಕೆರೆಯೋದು ತಪ್ಪುತ್ತೆ. ಡಾಕ್ಟರಿಗೆ ವಾಟ್ಸಾಪ್ ಮಾಡೋದಾದರೆ ಹೀಗೆ ಬರೆಯಿರಿ:

“ನಮಸ್ಕಾರ ಡಾಕ್ಟ್ರೇ. ಎಚ್‌ಎಫ್ ಹಸು, ಅಂದಾಜು 400 ಕೆ.ಜಿ., ಎರಡನೇ ಸೂಲು, ದಿನಕ್ಕೆ 14 ಲೀಟರ್, ಈಗ ಮೂರು ತಿಂಗಳ ಗಬ್ಬ. ಬಲ ಹಿಂಗಾಲು ಗೊರಸಿನ ಸಂದು ಊದಿ ವಾಸನೆ ಬರ್ತಿದೆ, ನಿನ್ನೆಯಿಂದ ಕುಂಟುತ್ತಿದೆ. ಮೇವು ಅರ್ಧ ತಿಂದಿದೆ. ಹೋದ ತಿಂಗಳು ಕೆಚ್ಚಲು ಬಾವಿಗೆ ಕೊಟ್ಟ ಔಷಧಿ ಲೇಬಲ್ ಫೋಟೊ ಕಳಿಸಿದ್ದೀನಿ. ಮನೆಯಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಲಾಂಗ್ ಆ್ಯಕ್ಟಿಂಗ್, ಎಂ.ಎಲ್.ಗೆ 200 ಮಿಲಿಗ್ರಾಂನ ತೆರೆಯದ ಬಾಟಲಿ ಇದೆ, ಅದರ ಫೋಟೊನೂ ಇದೆ. ಇದು ಬೇಕಾ, ಬೇರೆ ಬೇಕಾ? ಕೊಟ್ಟರೆ ಹಾಲು ಎಷ್ಟು ದಿನ ಸಂಘಕ್ಕೆ ಹಾಕಬಾರದು?”

ಉತ್ತರ ಬರದಿದ್ದರೆ 1962ಕ್ಕೆ ಫೋನ್ ಮಾಡಿ. ಅಲ್ಲೂ ಇದೇ ಸಾಲುಗಳನ್ನು ಓದಿ ಹೇಳಬಹುದು.